ಯಾರ ಯಾರ ಋಣದ ಮೇಲೆ ಕೂತಿದ್ದೇವೆ

ಯಲಹಂಕ ಹಳೇ ಊರು

ಪ್ರೀತಿಯ ಮಗಳಿಗೆ,

ನೀನು ಕೇಳಿದ್ದಕ್ಕೆ ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ನನಗೆ ಮಾತಿನ ಎಳೆ ತಪ್ಪುತ್ತದೆ. ಬರೆದರೆ ಆ ತಾಪತ್ರಯವಿಲ್ಲ. ನಿನ್ನ ವಯಸ್ಸಿನ ಇನ್ನೂ ನಾಲ್ಕು ಜನ ಓದಿದರೆ ಓದಲಿ ಎಂದು ಪತ್ರಿಕೆಗೂ ಕಳಿಸುತ್ತಿದ್ದೇನೆ. ನಿನ್ನ ಹೆಸರು ಎಲ್ಲೂ ಹಾಕಿಲ್ಲ, ಗಾಬರಿ ಬೇಡ.

ಆಗಸ್ಟ್ 15ರಂದು ನಿಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಜಗಳ ಆಯಿತು ಅಂದೆ. ಧ್ವಜ ಹಾರಿಸುವಾಗ ಕೆಳಗಿಳಿದು ಬಾರದವರ ಫ್ಲಾಟ್ ನಂಬರುಗಳನ್ನು ಯಾರೋ ಗ್ರೂಪಿಗೆ ಹಾಕಿದರು. ಇನ್ನೊಬ್ಬರು ಭಾಷಣ ಯಾಕೆ ಕನ್ನಡದಲ್ಲಿರಲಿಲ್ಲ ಎಂದರು. ಅದಕ್ಕೆ ಮತ್ತೊಬ್ಬರು ಈ ಊರಿನಲ್ಲಿ ತೆರಿಗೆ ಕಟ್ಟುವವರು ಯಾರು ಎಂದು ಲೆಕ್ಕ ತೆಗೆದರು. ‘ಹೊರಗಿನವರು’ ಎಂಬ ಮಾತು ಬಂತು, ‘ದೇಶದ್ರೋಹಿ’ ಎಂಬ ಮಾತೂ ಬಂತು. ನೀನು ಗ್ರೂಪ್ ಬಿಟ್ಟೆ. ಆಮೇಲೆ ನನಗೆ ಫೋನ್ ಮಾಡಿ, ‘ನನಗೆ ದೇಶಭಕ್ತಿ ಇದೆಯೋ ಇಲ್ವೋ ಗೊತ್ತಾಗ್ತಿಲ್ಲ ದೊಡ್ಡಪ್ಪ. ದೇವರ ವಿಷಯದಲ್ಲೂ ಹಂಗೇ. ಈ ಊರು ನಂದು ಅನ್ನಿಸೋದೂ ಕಮ್ಮಿ ಆಗ್ತಿದೆ’ ಎಂದೆ.

ನೀನು ಮೂರು ಪ್ರಶ್ನೆ ಕೇಳಿದೆ ಅಂದುಕೊಂಡಿದ್ದೀಯ. ನನಗೆ ಇದೊಂದೇ ಪ್ರಶ್ನೆಯಾಗಿ ಕಾಣುತ್ತದೆ. ನಾವು ಯಾರ ಯಾರ ಋಣದ ಮೇಲೆ ಕೂತಿದ್ದೇವೆ ಎನ್ನುವುದು ತಿಳಿದರೆ ಉಳಿದದ್ದು ನಿಧಾನಕ್ಕೆ ಹಿಂದೆ ಬರುತ್ತದೆ. ನಿಮ್ಮ ಗ್ರೂಪಿನವರು ಹೆಮ್ಮೆಯಿಂದ ಶುರು ಮಾಡಿದರು. ಹೆಮ್ಮೆಗೆ ಯಾವಾಗಲೂ ಎದುರಿಗೊಬ್ಬ ಬೇಕು, ಅದಕ್ಕೇ ಅದು ಅಷ್ಟು ಬೇಗ ಜಗಳವಾಗುತ್ತದೆ. ಸಾಲಗಾರನಿಗೆ ಎದೆ ಉಬ್ಬಿಸಿ ಕೂಗಾಡುವ ಧೈರ್ಯ ಬರುವುದಿಲ್ಲ.

ಹತ್ತಿರದಿಂದಲೇ ಶುರು ಮಾಡೋಣ. ದಿನಾ ಆಫೀಸಿಗೆ ಹೋಗುವಾಗ ಹೆಬ್ಬಾಳದ ಮೇಲ್ಸೇತುವೆ ಮೇಲೆ ಕ್ಯಾಬಿನಲ್ಲಿ ಸಿಕ್ಕಿಹಾಕಿಕೊಂಡು ನಿಂತಿರುತ್ತೀಯಲ್ಲ, ಅಲ್ಲಿಂದ ಸ್ವಲ್ಪವೇ ದೂರದಲ್ಲಿ 2018ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂತು. ಶಾಸನ ಓದಬಲ್ಲವರು ಅದನ್ನು ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು ಎಂದು ಗುರುತಿಸಿದರು. ಬೆಂಗಳೂರಿನಲ್ಲಿ ಇದುವರೆಗೆ ಸಿಕ್ಕ ಕನ್ನಡ ಶಾಸನಗಳಲ್ಲಿ ಇದೇ ಹಳೆಯದು. ಆಗ ಈ ಸೀಮೆಗೆ ಪೆರ್ಬೊಳಲು ನಾಡು ಎಂದು ಹೆಸರು. ರಟ್ಟವಾಡಿಯ ದಂಡು ಮೇಲೆ ಬಿದ್ದಾಗ ಕಿತ್ತಯ್ಯ ಎಂಬವನು ಕಾದಿ ಸತ್ತ ಎಂದು ಕಲ್ಲು ಹೇಳುತ್ತದೆ. ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಕೋಟೆ ಪೇಟೆ ಕಟ್ಟುವುದಕ್ಕಿಂತ ಸುಮಾರು ಎಂಟುನೂರು ವರ್ಷ ಹಿಂದಿನ ಮಾತು ಇದು.

ರಟ್ಟವಾಡಿ ಎಂದರೆ ರಾಷ್ಟ್ರಕೂಟರು. ಇಲ್ಲಿ ಸ್ವಲ್ಪ ನಿಲ್ಲು. ಕಿತ್ತಯ್ಯನನ್ನು ಕೊಂದ ಕಡೆಯವರ ಆಸ್ಥಾನದಲ್ಲೇ ಮುಂದಿನ ಶತಮಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥವೇ ಅದು. ನವೆಂಬರ್ ಒಂದರ ಭಾಷಣದಲ್ಲಿ ನಾವು ಗಂಗರಿಗೂ ಜೈ ಎನ್ನುತ್ತೇವೆ, ರಾಷ್ಟ್ರಕೂಟರಿಗೂ ಜೈ ಎನ್ನುತ್ತೇವೆ. ಹೆಮ್ಮೆಯ ಲೆಕ್ಕದಲ್ಲಿ ಕಿತ್ತಯ್ಯನ ಪಕ್ಷ ಹಿಡಿಯಬೇಕೋ, ಕೊಂದವರ ಪಕ್ಷವೋ ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಋಣದ ಲೆಕ್ಕದಲ್ಲಿ ಆ ತೊಡಕಿಲ್ಲ. ಒಬ್ಬ ಊರು ಕಾದ, ಇನ್ನೊಬ್ಬರು ಭಾಷೆ ಸಾಕಿದರು. ಇಬ್ಬರದೂ ನಮ್ಮ ಮೇಲಿದೆ. ಹೆಬ್ಬಾಳದ ಊರಿನವರೂ ಶಾಸನದ ಆಸಕ್ತರೂ ಸೇರಿ ಆ ಕಲ್ಲಿಗೆ ಒಂದು ಮಂಟಪ ಕಟ್ಟಿಸಿದ್ದಾರೆ. ಒಮ್ಮೆ ಹೋಗಿ ನೋಡು. ಅಕ್ಷರ ಓದಲು ಬರದಿದ್ದರೂ ಪರವಾಗಿಲ್ಲ.

ಇನ್ನು ಹೊರಗಿನವರು ಎನ್ನುವ ಮಾತು. ಯಲಹಂಕ ನಾಡಪ್ರಭುಗಳ ವಂಶದ ಮೂಲಪುರುಷ ರಣಭೈರೇಗೌಡರು ಕಂಚಿಯ ಕಡೆಯಿಂದ ಬಂದು ದೇವನಹಳ್ಳಿ ಪಕ್ಕದ ಆವತಿಯಲ್ಲಿ ನೆಲೆನಿಂತರೆಂದು ಐತಿಹ್ಯವಿದೆ. ನೀನು ದೊಡ್ಡಮ್ಮನ ಕೈಯಲ್ಲಿ ಉಣ್ಣುವ ಮುದ್ದೆಯ ರಾಗಿ ಸಾವಿರಾರು ವರ್ಷದ ಹಿಂದೆ ಆಫ್ರಿಕಾದಿಂದ ಬಂದದ್ದು. ಅಷ್ಟು ಸಾಲದು ಎನ್ನುವಂತೆ, ರಾಗಿ ಲಕ್ಷ್ಮಣಯ್ಯ ಎಂದೇ ಜನ ಕರೆದ ಸಿ.ಎಚ್. ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಮತ್ತೆ ಆಫ್ರಿಕಾದ ತಳಿಗಳ ಜೊತೆ ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದರು. ಬಯಲುಸೀಮೆಯ ರೈತರ ಕಣದಲ್ಲಿ ರಾಶಿ ಎದ್ದದ್ದು ಆಮೇಲೆ. ಜಿ.ಕೆ.ವಿ.ಕೆ. ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹೋಗಿ ಸೆಲ್ಫಿ ತೆಗೆದುಕೊಂಡು ಬರುತ್ತೀರಿ, ಆ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ದೊಡ್ಡಬಳ್ಳಾಪುರ ರಸ್ತೆಯಿಂದ ಎಂ.ಎಸ್. ಪಾಳ್ಯದ ಕಡೆಗೆ ಹೋಗುವ ರಸ್ತೆಯಲ್ಲಿ ನೀನು ನೂರು ಸಲ ಓಡಾಡಿದ್ದೀಯ. ಅದಕ್ಕೆ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಹೆಸರಿದೆ. ಮನೆಮಾತು ಮಲಯಾಳಂ, ಹುಟ್ಟಿದ್ದು ಕೋಯಿಕ್ಕೋಡಿನಲ್ಲಿ, ಬೆಳೆದದ್ದು ಓದಿದ್ದು ಬೆಂಗಳೂರಿನಲ್ಲಿ. ಸೇನೆಯಲ್ಲಿ ಸೇರಿದ್ದು ಬಿಹಾರ ರೆಜಿಮೆಂಟು. ಪ್ರಾಣ ಬಿಟ್ಟದ್ದು 2008ರ ನವೆಂಬರ್ 28ರಂದು ಉಗ್ರರು ನುಗ್ಗಿದ್ದ ಮುಂಬಯಿಯ ತಾಜ್ ಹೋಟೆಲಿನಲ್ಲಿ, ಒಳಗೆ ಸಿಕ್ಕಿಬಿದ್ದವರನ್ನು ಬಿಡಿಸುತ್ತಾ. ವಯಸ್ಸು 31. ಅಂತ್ಯಕ್ರಿಯೆ ನಡೆದದ್ದು ಇಲ್ಲೇ ಹೆಬ್ಬಾಳದಲ್ಲಿ. ಮುಂದಿನ ಗಣರಾಜ್ಯೋತ್ಸವಕ್ಕೆ ಅಶೋಕ ಚಕ್ರ ಬಂತು. ಈಗ ನಿಮ್ಮ ಗ್ರೂಪಿನ ಪಂಡಿತರನ್ನು ಕೇಳು, ಆ ಹುಡುಗ ಯಾವ ಊರಿನವನು ಎಂದು. ಒಳಗಿನವನೋ, ಹೊರಗಿನವನೋ? ಕನ್ನಡ ಕಲಿಯದೆ ಇಪ್ಪತ್ತು ವರ್ಷ ಇಲ್ಲಿ ಉಂಡವರ ಮೇಲೆ ನನಗೂ ಸಿಟ್ಟು ಬರುತ್ತದೆ. ಉಂಡ ಮನೆಯ ಮಾತನ್ನು ನಾಲಿಗೆಗೆ ಹತ್ತಿಸಿಕೊಳ್ಳದಿರುವುದು ಋಣಗೇಡಿತನವೇ. ಅದನ್ನು ಮುಖಕ್ಕೆ ಹೇಳು, ಹಾಗೇ ನಾಲ್ಕು ಮಾತು ಕಲಿಸು. ಓಡಿಸುವ ಮಾತು ಮಾತ್ರ ಬೇಡ.

ಇನ್ನೊಂದು ಹೆಸರು ಹೇಳಿ ಮುಂದೆ ಹೋಗುತ್ತೇನೆ. ಆರ್.ಟಿ. ನಗರದಲ್ಲಿ ನಿನ್ನ ಗೆಳತಿಯ ಮನೆಯಿದೆ. ಆರ್.ಟಿ. ಎಂದರೆ ರವೀಂದ್ರನಾಥ ಟ್ಯಾಗೋರ್. ನಾವು ಎದ್ದು ನಿಂತು ಹಾಡುವ ರಾಷ್ಟ್ರಗೀತೆ ಅವರದು. ಅದಕ್ಕೆ ಅವರೇ ಇಂಗ್ಲಿಷ್ ರೂಪ ಕೊಟ್ಟದ್ದು 1919ರಲ್ಲಿ, ಕೋಲಾರದ ಗಡಿಯಾಚೆಗಿನ ಮದನಪಲ್ಲಿಯಲ್ಲಿ. ಅದಕ್ಕೆ ಎರಡು ಮೂರು ವರ್ಷ ಮೊದಲು ಜಪಾನಿನಲ್ಲಿ, ಅಮೆರಿಕದಲ್ಲಿ ನಿಂತು ರಾಷ್ಟ್ರವನ್ನೇ ದೇವರು ಮಾಡಿಕೊಂಡು ಪೂಜಿಸುವುದು ಅಪಾಯ ಎಂದು ಭಾಷಣ ಮಾಡಿದವರೂ ಅವರೇ. ಜಲಿಯನ್‌ವಾಲಾ ಬಾಗ್ ಆದ ಮೇಲೆ ಸರ್ ಪದವಿಯನ್ನು ವಾಪಸು ಮಾಡಿದವರೂ ಅವರೇ. ಒಬ್ಬನೇ ಮನುಷ್ಯನಲ್ಲಿ ಇವೆಲ್ಲ ಇರಲು ಸಾಧ್ಯವಾಗಿತ್ತು. ಅಂಥವರ ಹೆಸರಿನ ಬಡಾವಣೆಯಲ್ಲಿ ಒಂದು ಪ್ರಶ್ನೆ ಕೇಳಿದವರನ್ನು ದ್ರೋಹಿ ಎನ್ನುವುದು ಚೆನ್ನಾಗಿ ಕಾಣುವುದಿಲ್ಲ.

ಈಗ ನನ್ನ ಕಸುಬಿನ ವಿಷಯ. ನಾನು ಬದುಕಿದ್ದೇ ಗಾಲಿ ಕಾರ್ಖಾನೆಯ ಸಂಬಳದಲ್ಲಿ. 1984ರ ಸೆಪ್ಟೆಂಬರಿನಲ್ಲಿ ಇಂದಿರಾ ಗಾಂಧಿಯವರು ಯಲಹಂಕದಲ್ಲಿ ಅದನ್ನು ಉದ್ಘಾಟಿಸಿದಾಗ ಅದರ ಹೆಸರು ವೀಲ್ ಅಂಡ್ ಆಕ್ಸಲ್ ಪ್ಲಾಂಟ್. 2003ರಲ್ಲಿ ರೈಲ್ ವೀಲ್ ಫ್ಯಾಕ್ಟರಿ ಆಯಿತು. ಅದಕ್ಕೂ ಮೊದಲು ದೇಶದ ರೈಲುಗಳಿಗೆ ಬೇಕಾದ ಗಾಲಿ, ಅಚ್ಚುಗಳಲ್ಲಿ ಬಹಳಷ್ಟು ಹಡಗಿನಲ್ಲಿ ಪರದೇಶದಿಂದ ಬರುತ್ತಿದ್ದವು. ನೀನು ಚಿಕ್ಕವಳಿದ್ದಾಗ ‘ದೊಡ್ಡಪ್ಪ ಏನ್ ಕೆಲಸ ಮಾಡ್ತಾರೆ’ ಎಂದರೆ ‘ಚಕ್ರ ಮಾಡ್ತಾರೆ’ ಎನ್ನುತ್ತಿದ್ದೆ. ಅದನ್ನು ಹೇಗೆ ಮಾಡುತ್ತಾರೆ ಎಂದು ಯಾವತ್ತೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಕೇಳು.

ದೇಶದ ಮೂಲೆಮೂಲೆಯಲ್ಲಿ ಓಡಿ ಸವೆದ ಗಾಲಿಗಳು, ಮುರಿದ ಅಚ್ಚುಗಳು ವ್ಯಾಗನ್ನಿನಲ್ಲಿ ತುಂಬಿಕೊಂಡು ಯಲಹಂಕಕ್ಕೆ ವಾಪಸು ಬರುತ್ತವೆ. ಅದೇ ನಮ್ಮ ಕಚ್ಚಾ ಮಾಲು. ವಿದ್ಯುತ್ ಕುಲುಮೆಯಲ್ಲಿ ಮೂರು ಗ್ರಾಫೈಟ್ ಕಂಬಗಳು ಇಳಿಯುತ್ತವೆ, ಸಿಡಿಲು ಹೊಡೆದಂಥ ಸದ್ದಾಗುತ್ತದೆ, ಉಕ್ಕು ನೀರಾಗುತ್ತದೆ. ಆ ಕಾದ ಉಕ್ಕನ್ನು ಎರಕದ ಅಚ್ಚಿಗೆ ಮೇಲಿಂದ ಸುರಿಯುವುದಿಲ್ಲ. ಕೆಳಗೊಂದು ಮುಚ್ಚಿದ ತೊಟ್ಟಿಯಲ್ಲಿಟ್ಟು ಗಾಳಿಯ ಒತ್ತಡ ಕೊಟ್ಟರೆ ಅದು ಕೊಳವೆಯಲ್ಲಿ ಮೇಲೇರಿ ಗ್ರಾಫೈಟ್ ಅಚ್ಚನ್ನು ಬುಡದಿಂದ ತುಂಬಿಕೊಂಡು ಬರುತ್ತದೆ. ಆಗ ಕಿಟ್ಟ, ಗುಳ್ಳೆ ಕಡಿಮೆ. ಕೆಂಪಗಿರುವಾಗಲೇ ಗಾಲಿಯನ್ನು ಹೊರತೆಗೆದು, ನಡುವಿನ ತೂತು ಕತ್ತರಿಸಿ, ಮತ್ತೆ ಕುಲುಮೆಯಲ್ಲಿ ಕಾಯಿಸಿ, ಆಮೇಲೆ ಅಂಚಿಗೆ ಮಾತ್ರ ನೀರು ಹೊಡೆಯುತ್ತಾರೆ. ಹಳಿಯ ಮೇಲೆ ಉಜ್ಜುವ ಅಂಚು ಗಟ್ಟಿಯಾಗಬೇಕು, ಒಳಗಿನ ಭಾಗ ಪೆಟ್ಟು ತಾಳುವಷ್ಟು ಬಾಗುವ ಗುಣ ಉಳಿಸಿಕೊಳ್ಳಬೇಕು. ಪೂರ್ತಿ ಗಟ್ಟಿಯಾದ ಗಾಲಿ ಒಡೆಯುತ್ತದೆ.

ಕೊನೆಗೆ ಪರೀಕ್ಷೆ. ಒಂದು ಕತ್ತಲೆ ಗೂಡಿನೊಳಗೆ ಗಾಲಿಗೆ ಅಯಸ್ಕಾಂತದ ಪುಡಿ ಬೆರೆಸಿದ ದ್ರವ ಹೊಡೆದು ನೇರಳೆ ದೀಪ ಹಿಡಿಯುತ್ತಾರೆ. ಬರಿಗಣ್ಣಿಗೆ ಕಾಣದ ಕೂದಲೆಳೆಯಂಥ ಬಿರುಕಿದ್ದರೆ ಅದು ಹಸಿರಾಗಿ ಹೊಳೆಯುತ್ತದೆ. ಆ ಗೂಡಿನಲ್ಲಿ ನಿಲ್ಲುತ್ತಿದ್ದ ನನ್ನ ಸ್ನೇಹಿತನೊಬ್ಬನಿದ್ದ. ಕ್ಯಾಂಟೀನಿನಲ್ಲಿ ಕೂತರೆ ಚಿತ್ರಾನ್ನ, ಚೀಟಿ ಹಣ, ಮಗಳ ಮದುವೆ ಇಷ್ಟೇ ಅವನ ಮಾತು. ದೇಶದ ಮಾತು ಅವನ ಬಾಯಲ್ಲಿ ಬಂದದ್ದು ನನಗೆ ನೆನಪಿಲ್ಲ. ಆದರೆ ಗೂಡಿನೊಳಗೆ ಹೋದರೆ ಬೇರೆ ಮನುಷ್ಯ. ಸಂಶಯ ಬಂದ ಗಾಲಿಯನ್ನು ಮತ್ತೊಮ್ಮೆ ತಿರುಗಿಸಿ, ಮಗುದೊಮ್ಮೆ ತಿರುಗಿಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿಬಿಡುತ್ತಿದ್ದ. ಆ ಗಾಲಿ ವಾಪಸು ಕುಲುಮೆಗೆ. ಗುವಾಹಟಿಗೋ ಜೋಧಪುರಕ್ಕೋ ಹೋಗುವ ರೈಲಿನ ಮೇಲಿನ ಬರ್ತಿನಲ್ಲಿ ಮಗುವನ್ನು ತಬ್ಬಿಕೊಂಡು ಮಲಗಿದ ತಾಯಿಗೆ ಅವನ ಹೆಸರು ಗೊತ್ತಿಲ್ಲ, ಅವನಿಗೆ ಅವಳ ಭಾಷೆ ಗೊತ್ತಿಲ್ಲ. ನನ್ನನ್ನು ಕೇಳಿದರೆ ನಾನು ಕಂಡ ದೇಶಭಕ್ತಿ ಅದು. ಭಾಷಣಗಳನ್ನೂ ಕೇಳಿದ್ದೇನೆ, ಏರ್ ಶೋದಲ್ಲಿ ನಮ್ಮ ತಲೆಯ ಮೇಲೆ ಹಾರಿದ ಸೂರ್ಯಕಿರಣ ತಂಡದ ವಿಮಾನಗಳನ್ನು ಮಹಡಿ ಹತ್ತಿ ನೋಡಿ ಚಪ್ಪಾಳೆ ತಟ್ಟಿದ್ದೇನೆ. ಚಪ್ಪಾಳೆ ತಪ್ಪಲ್ಲ. 2019ರ ಫೆಬ್ರವರಿಯಲ್ಲಿ ಅದರ ಎರಡು ವಿಮಾನ ನಮ್ಮೂರಿನ ಮೇಲೆಯೇ ಡಿಕ್ಕಿಯಾಗಿ ಒಬ್ಬ ಪೈಲಟ್ ತೀರಿಕೊಂಡರಲ್ಲ, ಅವರೂ ಇಂಥದೇ ಕಸುಬುದಾರರು. ಅಭ್ಯಾಸ ಮಾಡುತ್ತಿದ್ದಾಗ ಸತ್ತರು.

ನಂಬಿಕೆಯ ಬಗ್ಗೆ ಕೇಳಿದೆಯಲ್ಲ. ನಾನು ದೇವಸ್ಥಾನಕ್ಕೆ ಹೋಗುತ್ತೇನೆ, ನಿನ್ನ ದೊಡ್ಡಮ್ಮ ನನಗಿಂತ ಜಾಸ್ತಿ. ನಿನಗೆ ಹೋಗಬೇಕು ಅನ್ನಿಸದಿದ್ದರೆ ನನ್ನ ಅಭ್ಯಂತರವಿಲ್ಲ. ಗೌರಿಬಿದನೂರು ಪಕ್ಕದ ಹೊಸೂರಿನ ಎಚ್. ನರಸಿಂಹಯ್ಯನವರ ಹೆಸರು ಕೇಳಿರಬೇಕು. ಬಡ ಹುಡುಗ, ಓದುವುದಕ್ಕೆಂದು 1935ರಲ್ಲಿ ಊರಿನಿಂದ ಬೆಂಗಳೂರಿಗೆ ನಡೆದೇ ಬಂದವರು. ಸುಮಾರು 85 ಕಿಲೋಮೀಟರ್. 1942ರಲ್ಲಿ ಓದು ಬಿಟ್ಟು ಜೈಲಿಗೆ ಹೋದರು. ಅಮೆರಿಕದ ಓಹಾಯೋದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿ ವಾಪಸು ಬಂದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದಾಗ ಪವಾಡಗಳನ್ನು ಪರೀಕ್ಷೆ ಮಾಡಲು ಒಂದು ಸಮಿತಿಯನ್ನೇ ಮಾಡಿ ದೊಡ್ಡ ದೊಡ್ಡವರ ಕೋಪ ಕಟ್ಟಿಕೊಂಡರು. ಖಾದಿ ಬಿಡಲಿಲ್ಲ, ಮದುವೆಯಾಗಲಿಲ್ಲ, ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲೇ ಬದುಕಿದರು. ತಮ್ಮ ಸೀಮೆಯ ಮಕ್ಕಳು ತಮ್ಮ ಹಾಗೆ ನಡೆಯಬಾರದೆಂದು ಗೌರಿಬಿದನೂರು, ಬಾಗೇಪಲ್ಲಿಗಳಲ್ಲೂ ಕಾಲೇಜು ಕಟ್ಟಿದರು. ಅವರ ಶ್ರದ್ಧೆ ಕಮ್ಮಿಯದು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು ಕಡೆ ನಿನ್ನ ದೊಡ್ಡಮ್ಮ. ಆಯುಧಪೂಜೆಯ ದಿನ ನಮ್ಮ ಬೀದಿಯಲ್ಲಿ ಗಾಡಿಗೊಂದು ಬೂದುಗುಂಬಳಕಾಯಿ ಒಡೆಯುತ್ತಾರೆ. ಕುಂಕುಮ, ಸುಣ್ಣ, ಚಿಲ್ಲರೆ ಕಾಸು, ತಿರುಳು ಎಲ್ಲ ರಸ್ತೆಗೆ. ದೃಷ್ಟಿ ಹೋಯಿತೆಂದು ಮಂದಿ ಒಳಗೆ ಹೋಗಿ ಹೋಳಿಗೆ ಉಣ್ಣುತ್ತಾರೆ. ಇವಳು ಉಪವಾಸದಲ್ಲೇ ಪೊರಕೆ, ಮೊರ ಹಿಡಿದು ಬೀದಿಗಿಳಿದು ಎಲ್ಲರ ಮನೆ ಮುಂದಿನ ತಿರುಳನ್ನೂ ಬಳಿದು ಬದಿಗೆ ಹಾಕುತ್ತಾಳೆ, ಮೇಲೆ ಒಂದಿಷ್ಟು ಮಣ್ಣು ಎರಚುತ್ತಾಳೆ. ರಾತ್ರಿ ಪಾಳಿ ಮುಗಿಸಿ ಬರುವ ಸ್ಕೂಟರಿನ ಹುಡುಗರು ಜಾರಿ ಬೀಳಬಾರದಲ್ಲ. ‘ಅವರವರ ಮನೇದು ಅವರವರು ಬಳೀಲಿ’ ಎಂದು ನಾನು ರೇಗಿದರೆ, ‘ಪೂಜೆ ಮುಗಿದಿಲ್ಲ ಸುಮ್ನಿರಿ’ ಎನ್ನುತ್ತಾಳೆ. ನರಸಿಂಹಯ್ಯನವರಿಗೂ ಇವಳಿಗೂ ದೇವರ ವಿಷಯದಲ್ಲಿ ಒಂದು ಮಾತೂ ಹೊಂದುತ್ತಿರಲಿಲ್ಲ. ಆದರೂ ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಊಟ ಬಡಿಸಬಹುದು ಎಂದು ನನಗೆ ಅನ್ನಿಸುತ್ತದೆ.

ಇನ್ನು ಮನೆ, ಊರು. ಇದು ನನ್ನದು ಅನ್ನಿಸುತ್ತಿಲ್ಲ ಎಂದೆ. ನನಗೂ ಹಾಗೆ ಅನ್ನಿಸುವ ದಿನಗಳಿವೆ. ಯಲಹಂಕದವರು ಹೋಗಿ ಬೆಂಗಳೂರು ಕಟ್ಟಿದರು, ಕೊನೆಗೆ 2007ರಲ್ಲಿ ಬೆಂಗಳೂರೇ ಬಂದು ಯಲಹಂಕವನ್ನು ನುಂಗಿತು. ನಮ್ಮ ತಾತ ಹುರುಳಿ ಬಿತ್ತುತ್ತಿದ್ದ ಹೊಲ ಯಾವುದೋ ಯೋಜನೆಗೆ ಹೋಯಿತು, ಪರಿಹಾರಕ್ಕೆ ನಮ್ಮಪ್ಪ ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ. ಆ ಸಿಟ್ಟು ನನ್ನಲ್ಲಿ ಇನ್ನೂ ಇದೆ, ಇಟ್ಟುಕೊಂಡಿದ್ದೇನೆ. ದೇಶವನ್ನು ಪ್ರೀತಿಸುವವರು ಸರ್ಕಾರದ ಮೇಲೆ ಸಿಟ್ಟಾಗಬಾರದು ಎಂದು ಯಾರಾದರೂ ಹೇಳಿದರೆ ನಂಬಬೇಡ. ಆದರೆ ನಮ್ಮದು ಅನ್ನಿಸದಿರುವುದಕ್ಕೆ ಊರು ಬದಲಾದದ್ದೊಂದೇ ಕಾರಣ ಅಂತ ನನಗೆ ತೋರುವುದಿಲ್ಲ. ನಲ್ಲಿ ತಿರುಗಿಸಿದರೆ ನೀರು, ಗುಂಡಿ ಒತ್ತಿದರೆ ನೀರು ಮಾಯ. ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಗೊತ್ತಿಲ್ಲದ ಜಾಗ ಲಾಡ್ಜಿನ ಕೋಣೆಯಾಗುತ್ತದೆಯೇ ಹೊರತು ಮನೆಯಾಗುವುದಿಲ್ಲ.

ಆದ್ದರಿಂದ ನೀರಿನ ವಿಷಯವನ್ನೇ ಸ್ವಲ್ಪ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಕೊಟ್ಟದ್ದು ನಮ್ಮ ಕಡೆಯ ಹೆಸರಘಟ್ಟದ ಕೆರೆ, ಅರ್ಕಾವತಿಯ ನೀರು, 1896ರಲ್ಲಿ. ಅದು ಸಾಲದೆ ತಿಪ್ಪಗೊಂಡನಹಳ್ಳಿ ಬಂತು, 1974ರಲ್ಲಿ ಕಾವೇರಿ ಬಂತು. ಈಗ ನಿಮ್ಮ ಕಡೆಗೆ ಬರುತ್ತಿರುವುದು 2024ರ ಅಕ್ಟೋಬರಿನಲ್ಲಿ ಶುರುವಾದ ಐದನೇ ಹಂತದ ನೀರು. 110 ಹಳ್ಳಿಗಳಿಗೆಂದು ಮಾಡಿದ್ದು, ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ, ಅಲ್ಲಿಂದ ಹಾರೋಹಳ್ಳಿ, ಅಲ್ಲಿಂದ ತಾತಗುಣಿ ಎಂದು ಪಂಪಿನಿಂದ ಪಂಪಿಗೆ ಎತ್ತಿ ಎತ್ತಿ ಸುಮಾರು ನೂರು ಕಿಲೋಮೀಟರ್ ತರುತ್ತಾರೆ. ನಿನ್ನ ಲೋಟದ ನೀರು ಸುಮಾರು ಅರ್ಧ ಕಿಲೋಮೀಟರಿನಷ್ಟು ಎತ್ತರ ಹತ್ತಿ ಬಂದದ್ದು. ಬರಗಾಲದ ವರ್ಷ ಮಂಡ್ಯದ ರೈತ ಎರಡನೇ ಬೆಳೆ ಹಾಕಬೇಡ ಎಂದು ಕೇಳಿಸಿಕೊಂಡಾಗಲೂ ನಮ್ಮ ಕುಡಿಯುವ ನೀರಿಗೆ ಕೈ ಹಾಕುವುದಿಲ್ಲ. ಇದು ನಮಗೆ ಕೊಟ್ಟವರ ಕಥೆ. ಅವರಿಗೆ ತೀರಿಸುವ ದಾರಿ ನನಗೂ ನಿನಗೂ ಇಲ್ಲ.

ಆದರೆ ನಮ್ಮಿಂದ ಇಸಿದುಕೊಳ್ಳುವವರೂ ಇದ್ದಾರೆ, ಅವರ ಮಾತು ಯಾರೂ ಆಡುವುದಿಲ್ಲ. ಹೆಬ್ಬಾಳ, ನಾಗವಾರ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ಕೊಳವೆಯಲ್ಲಿ ಬಡಗಣ ದಿಕ್ಕಿಗೆ ಎತ್ತಿ ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕಡೆಯ 65 ಕೆರೆಗಳಿಗೆ ತುಂಬಿಸುವ ಯೋಜನೆಯಿದೆ. ಎಚ್.ಎನ್. ವ್ಯಾಲಿ ಎಂದು ಎಲ್ಲರ ಬಾಯಲ್ಲೂ. ಚಿಕ್ಕಬಳ್ಳಾಪುರದ ಕಂದವಾರ ಕೆರೆ ಎಷ್ಟೋ ವರ್ಷ ಬತ್ತಿ ಬಿದ್ದಿದ್ದದ್ದು ಈ ನೀರಿನಿಂದ ತುಂಬಿತು. ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ ಅದು. ಸಾವಿರಾರು ಅಡಿ ಬೋರು ಕೊರೆಸಿ ಬೇಸತ್ತ ಜನ ಕೆರೆಯಲ್ಲಿ ನೀರು ಕಂಡು ಸಂತೋಷಪಟ್ಟರು. ಹಾಗೆಯೇ, ಎರಡು ಹಂತ ಶುದ್ಧ ಮಾಡಿದರೆ ಸಾಲದು, ಮೂರನೇ ಹಂತವೂ ಮಾಡಿ ಕೊಡಿ, ಈ ನೀರು ಇಂಗಿ ನಮ್ಮ ಬೋರಿಗೆ ಹೋಗುತ್ತದೆ ಎಂದು ಹೋರಾಟವನ್ನೂ ಮಾಡುತ್ತಾ ಬಂದಿದ್ದಾರೆ. ಮಂಡ್ಯದವರು ನಮಗೆ ಕಾವೇರಿ ಕೊಟ್ಟರು, ನಾವು ಚಿಕ್ಕಬಳ್ಳಾಪುರಕ್ಕೆ ನಮ್ಮ ಕಕ್ಕಸಿನ ನೀರು ಕೊಟ್ಟೆವು. ಅದನ್ನಾದರೂ ಚೊಕ್ಕ ಮಾಡಿ ಕೊಡಿ ಎಂದು ಅವರು ಕೇಳಿಕೊಳ್ಳಬೇಕಾಗಿದೆ. ಅವರು ಬೆಳೆದ ದ್ರಾಕ್ಷಿ, ಟೊಮ್ಯಾಟೊ, ಹೂವು ಬೆಳಗಾಗುವುದರೊಳಗೆ ನಮ್ಮ ಮನೆ ಬಾಗಿಲಿಗೇ ಬರುತ್ತದೆ, ಅದು ಬೇರೆ.

ನಿಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಒಂದು ಎಸ್‌ಟಿಪಿ ಇದೆ, ನೋಡಿದ್ದೀಯಾ? ಕಾರು ನಿಲ್ಲಿಸುವ ಜಾಗದ ಹಿಂದೆ, ಸದಾ ಮುಚ್ಚಿರುವ ಬಾಗಿಲು. ನಿಮ್ಮ ಮನೆಗಳ ಕೊಳಚೆ ಅಲ್ಲಿ ಶುದ್ಧವಾಗಬೇಕು. ತೊಟ್ಟಿಯಲ್ಲಿರುವ ಸೂಕ್ಷ್ಮಜೀವಿಗಳೇ ಆ ಕೆಲಸ ಮಾಡುವುದು, ಅವಕ್ಕೆ ಹಗಲೂ ರಾತ್ರಿ ಬ್ಲೋಯರಿನಿಂದ ಗಾಳಿ ಹೋಗುತ್ತಿರಬೇಕು. ಕರೆಂಟ್ ಬಿಲ್ಲು ಜಾಸ್ತಿ ಬರುತ್ತದೆಂದು ರಾತ್ರಿ ಬ್ಲೋಯರ್ ನಿಲ್ಲಿಸುವ ಕಟ್ಟಡಗಳು ಈ ಊರಲ್ಲಿ ಬೇಕಾದಷ್ಟಿವೆ. ನಿಲ್ಲಿಸಿದರೆ ಜೀವಿಗಳು ಸಾಯುತ್ತವೆ, ಕಪ್ಪು ನೀರು ಹಾಗೇ ರಾಜಕಾಲುವೆಗೆ ಹೋಗುತ್ತದೆ. ಜಕ್ಕೂರು ಕಡೆಯ ಕಾಲುವೆ ಸೇರುವುದು ಅದೇ ಕಣಿವೆಗೆ. ಆ ಯಂತ್ರ ನೋಡಿಕೊಳ್ಳುವ ಹುಡುಗನ ಹೆಸರು ನಿಮ್ಮ ಗ್ರೂಪಿನಲ್ಲಿ ಎಷ್ಟು ಜನಕ್ಕೆ ಗೊತ್ತು? ಧ್ವಜ ಹಾರಿಸಿದ ದಿನ ಅವನಿಗೆ ಒಂದು ಲಾಡು ಕೊಟ್ಟರಾ?

ಧ್ವಜದ ಮಾತು ಬಂದದ್ದಕ್ಕೆ ವಿದುರಾಶ್ವತ್ಥದ ವಿಷಯ ಹೇಳಿಬಿಡುತ್ತೇನೆ. ಗೌರಿಬಿದನೂರು ದಾಟಿದರೆ ಸಿಗುತ್ತದೆ. ಅಶ್ವತ್ಥದ ಕಟ್ಟೆ, ಸುತ್ತ ಹರಕೆ ಹೊತ್ತವರು ಇಟ್ಟ ಸಾವಿರಾರು ನಾಗರಕಲ್ಲು. 1938ರ ಏಪ್ರಿಲ್‌ನಲ್ಲಿ ಮಂಡ್ಯದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಆಯಿತು, ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ತ್ರಿವರ್ಣ ಧ್ವಜ ಹಿಡಿದು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಎಷ್ಟು ಜನ ಸತ್ತರು ಎನ್ನುವುದರಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಗುಂಡು ಹಾರಿಸಿದವರು ಬ್ರಿಟಿಷರಲ್ಲ, ನಮ್ಮ ಮೈಸೂರು ಸಂಸ್ಥಾನದ ಪೊಲೀಸರು. ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಬೆಂಗಳೂರನ್ನು ಚೆಂದ ಮಾಡಿದವರಲ್ಲಿ ಅವರೂ ಒಬ್ಬರು, ಅವರ ಋಣವೂ ನಮ್ಮ ಮೇಲಿದೆ. ಆಮೇಲೆ ಸರ್ದಾರ್ ಪಟೇಲರು ಬಂದು ಮಾತುಕತೆಯಾಗಿ ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ಸಿನ ತ್ರಿವರ್ಣವನ್ನೂ ಹಾರಿಸಬಹುದು ಎಂದು ಒಪ್ಪಂದವಾಯಿತು. ಈಗ ಹೆಬ್ಬಾಳದ ಸಿಗ್ನಲಿನಲ್ಲಿ ಹತ್ತು ರೂಪಾಯಿಗೆ ಮಾರುವ ಬಾವುಟವನ್ನು ಕೈಯಲ್ಲಿ ಹಿಡಿಯಬಹುದು ಎನ್ನುವುದಕ್ಕೆ ಹೊಲ ಗೇಯುವ ಜನ ಎದೆ ಕೊಟ್ಟಿದ್ದರು. ನಿಮ್ಮ ಗ್ರೂಪಿನಲ್ಲಿ ಫ್ಲಾಟ್ ನಂಬರಿನ ಪಟ್ಟಿ ಹಾಕಿದ ಮಹಾಶಯರಿಗೆ ಇದು ಗೊತ್ತಿದ್ದರೆ ಅವರೂ ಸ್ವಲ್ಪ ತಣ್ಣಗಾಗುತ್ತಿದ್ದರೇನೋ.

ನೀನು ಮಾಡಬೇಕಾದದ್ದು ಎರಡು. ಒಂದು ಭಾನುವಾರ ಬೆಳಿಗ್ಗೆ ಇಲ್ಲಿಗೆ ಬಾ. ಯಲಹಂಕ ಸ್ಟೇಷನ್ನಿನಲ್ಲಿ ಹಿಂದೂಪುರದ ಕಡೆಗೆ ಹೋಗುವ ರೈಲು ಹತ್ತಿ ಗೌರಿಬಿದನೂರಿನಲ್ಲಿ ಇಳಿದು ವಿದುರಾಶ್ವತ್ಥ ನೋಡಿಕೊಂಡು ಬರೋಣ. ದೊಡ್ಡಮ್ಮ ನಾಗರಕಲ್ಲಿಗೆ ಹಾಲೆರೆಯುತ್ತಾಳೆ, ನಾನು ಹುತಾತ್ಮರ ಸ್ತೂಪದ ಹತ್ತಿರ ನಿಂತು ಹೆಸರುಗಳನ್ನು ಓದುತ್ತೇನೆ, ನೀನು ಎರಡರಲ್ಲಿ ಯಾವುದು ಬೇಕೋ ಅದು ಮಾಡು.

ಇನ್ನೊಂದು, ಆ ವಾಟ್ಸಾಪ್ ಗ್ರೂಪಿಗೆ ವಾಪಸು ಸೇರು. ದೇಶದ ವಾದಕ್ಕೆ ಹೋಗಬೇಡ. ಮುಂದಿನ ಜನರಲ್ ಬಾಡಿ ಮೀಟಿಂಗಿನಲ್ಲಿ ಎದ್ದು ನಿಂತು ಕನ್ನಡದಲ್ಲೇ ಕೇಳು: ನಮ್ಮ ಎಸ್‌ಟಿಪಿಯ ಬ್ಲೋಯರ್ ರಾತ್ರಿ ಹೊತ್ತು ಓಡುತ್ತಿದೆಯೇ, ನೀರಿನ ಪರೀಕ್ಷೆಯ ವರದಿ ಎಲ್ಲಿ, ಅದನ್ನು ನೋಟೀಸ್ ಬೋರ್ಡಿಗೆ ಯಾಕೆ ಹಾಕಿಲ್ಲ. ಅರ್ಥವಾಗದವರಿಗೆ ಪಕ್ಕದವರು ಹೇಳಿಕೊಡಲಿ. ಏನು ಉತ್ತರ ಬಂತು ಎಂದು ನನಗೆ ಮರೆಯದೆ ಬರೆ.

ಇಂತಿ ನಿನ್ನ
ದೊಡ್ಡಪ್ಪ